ನಲವತ್ತು ಲಕ್ಷದ ಲೆಕ್ಕ, ಮೂರು ನಿಮಿಷದ ಮಾತು

ಡಿಸೆಂಬರ್ ಮೂರನೇ ವಾರ. ಮಕ್ಕಳ ಶಾಲೆಯಲ್ಲಿ ಗವರ್ನರ್‌ಗಳ ಸಭೆ ಮುಗಿದು ಎಲ್ಲರೂ ಕೋಟು ಹಾಕಿಕೊಳ್ಳುತ್ತಿದ್ದೆವು. ಆಗ ಹೆಡ್ ಟೀಚರ್ "ಒಂದು ನಿಮಿಷ, ಹೇಳೋದು ಮರೆತೆ, ಸೆಪ್ಟೆಂಬರ್‌ನಿಂದ ನಮ್ಮ ಗೇಟಿನ ಹತ್ತಿರ ಲಾಲಿಪಾಪ್ ಲೇಡಿ ಇರದೇ ಹೋಗಬಹುದು" ಅಂದರು. ಕೌನ್ಸಿಲ್‌ನ, ಅಂದರೆ ಇಲ್ಲಿಯ ಸ್ಥಳೀಯ ಆಡಳಿತದ, ಬಜೆಟ್ ಕರಡಿನಲ್ಲಿ ಹಾಗಂತ ಇದೆಯಂತೆ. ನನ್ನ ಒಂದು ತೋಳು ಕೋಟಿನೊಳಗೆ, ಒಂದು ಹೊರಗೆ. ಹಾಗೇ ಕೂತುಬಿಟ್ಟೆ.

ನಾನಿರುವುದು ಇಂಗ್ಲೆಂಡಿನ ನಡುಭಾಗದ ಒಂದು ಊರಲ್ಲಿ. ಹುಟ್ಟಿದ್ದು ಅರಸೀಕೆರೆ ಕಡೆ. ಇಲ್ಲಿ ಪ್ರತಿ ಸರ್ಕಾರಿ ಶಾಲೆಗೂ ಒಂದು ಆಡಳಿತ ಮಂಡಳಿ ಇರುತ್ತದೆ, ಅದರ ಸದಸ್ಯರನ್ನೇ ಗವರ್ನರ್ ಅನ್ನುವುದು. ಅದರಲ್ಲಿ ಪೋಷಕರೇ ಓಟು ಹಾಕಿ ಕಳಿಸಿದ ಕೆಲವರಿರುತ್ತಾರೆ, ಅವರಲ್ಲಿ ನಾನೂ ಒಬ್ಬಳು. ಸಂಬಳ ಇಲ್ಲ. ನಮ್ಮಲ್ಲಿ ಎಸ್‌ಡಿಎಂಸಿ ಅಂತೀವಲ್ಲ, ಹೆಚ್ಚು ಕಡಿಮೆ ಹಾಗೆ.

ಲಾಲಿಪಾಪ್ ಲೇಡಿ ಅಂದರೆ ಯಾರು ಅಂತ ಊರಿನವರಿಗೆ ಹೇಳಬೇಕು. ಶಾಲೆ ಶುರುವಾಗುವ ಹೊತ್ತಿಗೆ, ಬಿಡುವ ಹೊತ್ತಿಗೆ ರಸ್ತೆ ಬದಿಯಲ್ಲಿ ಹಳದಿ ಕೋಟು, ಟೋಪಿ ಹಾಕಿಕೊಂಡು ಒಬ್ಬರು ನಿಂತಿರುತ್ತಾರೆ. ಕೈಯಲ್ಲಿ ಉದ್ದ ಕೋಲು, ಕೋಲಿನ ತುದಿಗೆ ದುಂಡಗಿನ ಫಲಕ, ಅದರ ಮೇಲೆ 'ನಿಲ್ಲಿ, ಮಕ್ಕಳು' ಅಂತ ಬರೆದಿರುತ್ತದೆ. ಅವರು ರಸ್ತೆಗೆ ಇಳಿದು ಕೋಲು ಎತ್ತಿದರೆ ಯಾವ ಗಾಡಿಯೂ ಮುಂದೆ ಹೋಗುವಂತಿಲ್ಲ, ಅದು ಕಾನೂನು. 1953ರಲ್ಲೇ ಇದಕ್ಕೆ ಅಂತ ಒಂದು ಕಾಯ್ದೆ ಬಂದಿತ್ತು. ನಮ್ಮ ಗೇಟಿನ ಹತ್ತಿರ ನಿಲ್ಲುವಾಕೆಗೆ ಅರವತ್ತು ದಾಟಿದೆ. ನನ್ನ ಮಗಳು ಇಲ್ಲಿಗೆ ಬಂದಾಗ ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮೊದಲ ವಾರ ದಿನಾ ಅಳು. ಈಯಮ್ಮ ಕೋಲನ್ನು ಎಡಗೈಗೆ ದಾಟಿಸಿ, ಬಲಗೈಯ ದಪ್ಪ ಗ್ಲೌಸ್ ಬಿಚ್ಚಿ, ಬರಿಗೈಯಿಂದ ಅವಳ ಕೈ ಹಿಡಿದು ರಸ್ತೆ ದಾಟಿಸುತ್ತಿದ್ದರು. ಗ್ಲೌಸ್ ಯಾಕೆ ಬಿಚ್ಚುತ್ತಾರೆ ಅಂತ ಒಂದು ದಿನ ಕೇಳಿದೆ. ಮಗು ಹೆದರಿದೆಯೋ ಇಲ್ಲವೋ ಕೈ ಮುಟ್ಟಿದರೆ ಗೊತ್ತಾಗುತ್ತೆ ಅಂದರು.

ಮನೆಗೆ ಹೋದವಳೇ ಕಂಪ್ಯೂಟರ್ ತೆಗೆದೆ. ಇಲ್ಲಿ ಕೌನ್ಸಿಲ್ ಬಜೆಟ್ ಏಪ್ರಿಲ್‌ನಿಂದ ಶುರು. ಡಿಸೆಂಬರ್ ಮಧ್ಯದ ಹೊತ್ತಿಗೆ ಯಾವ ಕೌನ್ಸಿಲ್‌ಗೆ ಎಷ್ಟು ದುಡ್ಡು ಅಂತ ಕೇಂದ್ರ ಸರ್ಕಾರ ಹೇಳುತ್ತದೆ. ಅದರ ಮೇಲೆ ಕರಡು ಬಜೆಟ್ ಮಾಡುತ್ತಾರೆ. ಜನವರಿಯಲ್ಲಿ ಕೌನ್ಸಿಲರ್‌ಗಳ ಸ್ಕ್ರೂಟಿನಿ ಕಮಿಟಿ ಅದನ್ನು ನೋಡಬೇಕು, ಫೆಬ್ರವರಿಯಲ್ಲಿ ಕೌನ್ಸಿಲ್‌ನ ಕ್ಯಾಬಿನೆಟ್, ಕೊನೆಗೆ ಎಲ್ಲ ಕೌನ್ಸಿಲರ್‌ಗಳೂ ಕೂತು ಓಟು ಹಾಕಬೇಕು. ಅಂದರೆ ಕ್ರಿಸ್‌ಮಸ್ ರಜೆ ಕಳೆದರೆ ನಮಗೆ ಸಿಗುವುದು ಬರೀ ಎರಡು ಮೂರು ವಾರ. ತುಂಬಾ ಜನಕ್ಕೆ ಇದು ಗೊತ್ತಾಗುವುದು ಫೆಬ್ರವರಿ ಕೊನೆಗೆ, ಪೇಪರಲ್ಲಿ ಬಂದಮೇಲೆ. ಆಗ ಕೂಗಾಡಿ ಏನೂ ಪ್ರಯೋಜನ ಇಲ್ಲ.

ಕರಡು ನೂರಾರು ಪುಟ. ಮೊದಲ ಭಾಗ ಪೂರ್ತಿ ಮುಖ್ಯಸ್ಥರ ಮಾತು, ಬಣ್ಣದ ಚಿತ್ರ. ನಿಜವಾದ ವಿಷಯ ಇರುವುದು ಕೊನೆಯ ಅನುಬಂಧಗಳಲ್ಲಿ, ಸಣ್ಣ ಅಕ್ಷರದ ಕೋಷ್ಟಕದಲ್ಲಿ. ಅಲ್ಲಿ ಒಂದು ಸಾಲು, 'ಶಾಲಾ ಕ್ರಾಸಿಂಗ್ ಸೇವೆಯ ಮರುವಿನ್ಯಾಸ'. ಅದರ ಮುಂದೆ ಒಂದು ಮೊತ್ತ. ಅದರ ಎರಡು ಸಾಲು ಕೆಳಗೆ ಇನ್ನೊಂದು, 'ಹದಿನಾರು ದಾಟಿದವರ ಶಾಲಾ ಸಾರಿಗೆ: ಮರುಪರಿಶೀಲನೆ'. ಮರುವಿನ್ಯಾಸ, ಮರುಪರಿಶೀಲನೆ. ತೆಗೆದುಹಾಕುತ್ತೇವೆ ಅಂತ ಎಲ್ಲೂ ಬರೆದಿರಲಿಲ್ಲ. ಒಟ್ಟು 14 ಕ್ರಾಸಿಂಗ್‌ಗಳನ್ನು ನಿಲ್ಲಿಸುತ್ತಾರೆ, ಬೇಕಾದರೆ ಶಾಲೆಯೇ ತನ್ನ ದುಡ್ಡಿನಲ್ಲಿ ನಡೆಸಿಕೊಳ್ಳಬಹುದು ಅನ್ನುವುದು ಗೊತ್ತಾಗಿದ್ದು ಇನ್ನೊಂದು ಅನುಬಂಧದ ಅಡಿಟಿಪ್ಪಣಿಯಿಂದ.

ಇಲ್ಲಿ ದುಡ್ಡಿನ ವಿಷಯ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಶಾಲೆ ನಡೆಸುವ ದುಡ್ಡು ಬೇರೆ, ಕೌನ್ಸಿಲ್‌ನ ಸ್ವಂತ ದುಡ್ಡು ಬೇರೆ. ಶಾಲೆಗಳ ದುಡ್ಡು ಕೇಂದ್ರದಿಂದ ಶಾಲೆಗೆ ಅಂತಲೇ ಬರುತ್ತದೆ. ಅಕ್ಟೋಬರ್‌ನಲ್ಲಿ ತಲೆ ಎಣಿಸುತ್ತಾರೆ, ಒಂದೊಂದು ಮಗುವಿಗೆ ಇಷ್ಟು ಅಂತ ಲೆಕ್ಕ. ಅದನ್ನು ಕೌನ್ಸಿಲ್ ಬೇರೆ ಕಡೆ ಖರ್ಚು ಮಾಡುವಂತಿಲ್ಲ. ಆದರೆ ಕ್ರಾಸಿಂಗ್, ಶಾಲಾ ವಾಹನ, ಹೀಗೆ ಶಾಲೆಯ ಗೇಟಿನ ಹೊರಗೆ ನಡೆಯುವ ತುಂಬಾ ಕೆಲಸ ಕೌನ್ಸಿಲ್‌ನ ಸ್ವಂತ ಜೇಬಿನಿಂದ ಆಗಬೇಕು. ಆ ಜೇಬಿಗೇ ತೂತು ಬಿದ್ದಿರುವುದು. ಮನೆ ತೆರಿಗೆಯನ್ನು ಒಂದು ವರ್ಷದಲ್ಲಿ 5% ಅಥವಾ ಅದಕ್ಕಿಂತ ಜಾಸ್ತಿ ಏರಿಸಬೇಕಾದರೆ ಜನಮತ ಕೇಳಬೇಕು. ಸಾಲ ಮಾಡಿ ದಿನದ ಖರ್ಚು ತೂಗಿಸುವಂತಿಲ್ಲ, ಆದಾಯ ಖರ್ಚು ಸರಿಸಮ ಇರಲೇಬೇಕು. ಆಗಲ್ಲ ಅಂತ ಗೊತ್ತಾದರೆ ಹಣಕಾಸು ಅಧಿಕಾರಿ ಸೆಕ್ಷನ್ 114 ನೋಟಿಸ್ ಹೊರಡಿಸಬೇಕು, ಅಂದರೆ ಕೌನ್ಸಿಲ್‌ನ ಕೈ ಖಾಲಿ ಅಂತ ಸಾರಬೇಕು. 2023ರಲ್ಲಿ ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್ ಎರಡೂ ಆ ನೋಟಿಸ್ ಹೊರಡಿಸಿದವು. ಅದಾದಮೇಲೆ ಇಂಗ್ಲೆಂಡಿನ ಎಲ್ಲ ಕೌನ್ಸಿಲರ್‌ಗಳ ಮನಸ್ಸಲ್ಲೂ ಆ ಭಯ ಕೂತಿದೆ. ಅವರ ಕಷ್ಟ ನಿಜವಾದ ಕಷ್ಟ. ವಯಸ್ಸಾದವರ ಆರೈಕೆಗೆ, ತಂದೆತಾಯಿ ಜೊತೆ ಇರಲಾಗದ ಮಕ್ಕಳ ಪಾಲನೆಗೆ ಕಾನೂನಿನ ಪ್ರಕಾರ ಕೊಡಲೇಬೇಕು. ಅದು ವರ್ಷವರ್ಷಕ್ಕೂ ಏರುತ್ತಿದೆ. ಹಾಗಾಗಿ ಕಾನೂನಿನ ಬಲ ಇಲ್ಲದ್ದರ ಮೇಲೆ ಕತ್ತರಿ ಬೀಳುತ್ತದೆ. ಲಾಲಿಪಾಪ್ ಲೇಡಿಯನ್ನು ಇಡಲೇಬೇಕು ಅಂತ ಕಾನೂನಿಲ್ಲ. ಮಗುವನ್ನು ಶಾಲೆಗೆ ಸುರಕ್ಷಿತವಾಗಿ ತಲುಪಿಸುವುದು ತಂದೆತಾಯಿಯ ಜವಾಬ್ದಾರಿ ಅನ್ನುತ್ತಾರೆ.

ಶಾಲೆಯೇ ಕೊಡಲಿ ಅಂದರೆ? ಒಂದು ಕ್ರಾಸಿಂಗ್‌ಗೆ ವರ್ಷಕ್ಕೆ ಸುಮಾರು 7 ಸಾವಿರ ಪೌಂಡ್. ದೊಡ್ಡದಲ್ಲ ಅನ್ನಿಸಬಹುದು. ನಮ್ಮ ಶಾಲೆಯ ಬಜೆಟ್‌ನಲ್ಲಿ ಬಹುಪಾಲು ಸಂಬಳಕ್ಕೇ ಹೋಗುತ್ತದೆ, ಹುಟ್ಟುವ ಮಕ್ಕಳೇ ಕಡಿಮೆ ಆಗಿ ತರಗತಿಯಲ್ಲಿ ಸೀಟು ಖಾಲಿ, ಸೀಟು ಖಾಲಿ ಅಂದರೆ ದುಡ್ಡೂ ಇಲ್ಲ. 7 ಸಾವಿರ ಅಂದರೆ ನಮಗೆ ಒಬ್ಬ ಸಹಾಯಕ ಶಿಕ್ಷಕಿಯ ಬೆಳಗಿನ ಹೊತ್ತಿನ ಕೆಲಸ. ಓದಲು ಹಿಂದೆ ಬಿದ್ದ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುವ ಕೆಲಸ ಅದು. ರಸ್ತೆ ದಾಟಿಸೋಣವೋ, ಓದಿಸೋಣವೋ? ಈ ಪ್ರಶ್ನೆಯನ್ನು ಒಂದು ಶಾಲೆಯ ಮುಂದೆ ಇಡುವುದೇ ತಪ್ಪು ಅಂತ ನನಗೆ ಆವತ್ತೂ ಅನ್ನಿಸಿತು, ಇವತ್ತೂ ಅನ್ನಿಸುತ್ತದೆ.

ಯಾವ ಆಧಾರದ ಮೇಲೆ ಈ 14ನ್ನು ಆರಿಸಿದರು ಅಂತ ಹುಡುಕಿದೆ. ಅದಕ್ಕೆ ಒಂದು ಸೂತ್ರ ಇದೆ, ದೇಶದ ತುಂಬಾ ಕೌನ್ಸಿಲ್‌ಗಳು ಬಳಸುವಂಥದ್ದು. ಜಾಸ್ತಿ ಜನ ದಾಟುವ ಅರ್ಧ ಗಂಟೆಯಲ್ಲಿ ಎಷ್ಟು ಮಕ್ಕಳು ದಾಟಿದರು ಅಂತ ಎಣಿಸಬೇಕು. ಅದೇ ಅರ್ಧ ಗಂಟೆಯಲ್ಲಿ ಎಷ್ಟು ಗಾಡಿ ಹೋದವು ಅಂತಲೂ ಎಣಿಸಬೇಕು. ಗಾಡಿಗಳ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಆಮೇಲೆ ಮಕ್ಕಳ ಸಂಖ್ಯೆಯಿಂದ ಗುಣಿಸಿದರೆ 40 ಲಕ್ಷ ದಾಟಬೇಕು. ದಾಟಿದರೆ ಅಲ್ಲಿ ಆಳು ಬೇಕು. ದಾಟದಿದ್ದರೆ ಅದು ಪಟ್ಟಿಗೆ.

ನಮ್ಮ ಗೇಟಿನ ಎಣಿಕೆ ಹಾಳೆ ಬೇಕಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಅವರಿಗೆ 20 ಕೆಲಸದ ದಿನ ಸಮಯ ಇರುತ್ತದೆ. ಅಷ್ಟರಲ್ಲಿ ಸಭೆಯೇ ಮುಗಿದಿರುತ್ತದೆ. ಹಾಗಾಗಿ ರಸ್ತೆ ಸುರಕ್ಷತೆ ವಿಭಾಗಕ್ಕೆ ನೇರವಾಗಿ ಒಂದು ಇಮೇಲ್ ಬರೆದೆ. ನಾನು ಈ ಶಾಲೆಯ ಗವರ್ನರ್, ನಮ್ಮ ಜಾಗದ ಎಣಿಕೆ ಹಾಳೆ ಕಳಿಸಿಕೊಡಿ, ಅಷ್ಟೇ. ಜನವರಿ ಮೊದಲ ವಾರವೇ ಬಂತು. ಕಳಿಸಿದವರಿಗೆ ಈಗಲೂ ಕೃತಜ್ಞತೆ ಇದೆ, ಅವರು ತಡಮಾಡಬಹುದಿತ್ತು. ಹಾಳೆಯಲ್ಲಿ ಮಕ್ಕಳು 41, ಗಾಡಿ 301. ಗುಣಿಸಿದರೆ 37,14,641. ನಲವತ್ತು ಲಕ್ಷಕ್ಕೆ ಎರಡೂ ಮುಕ್ಕಾಲು ಲಕ್ಷ ಚಿಲ್ಲರೆ ಕಡಿಮೆ. ಎಣಿಸಿದ ದಿನ ಸೆಪ್ಟೆಂಬರ್ ಕೊನೆಯ ಒಂದು ಬುಧವಾರ.

ಆ ತಾರೀಕು ನೋಡಿದಾಗ ನನಗೆ ಏನೋ ಕೊರೆಯಿತು. ಫ್ರಿಜ್ ಮೇಲೆ ಇನ್ನೂ ಅಂಟಿಸಿಟ್ಟಿದ್ದ ಶಾಲೆಯ ಕ್ಯಾಲೆಂಡರ್ ನೋಡಿದೆ. ಆ ವಾರ ಆರನೇ ತರಗತಿಯವರು ಕ್ಯಾಂಪಿಗೆ ಹೋಗಿದ್ದರು! ಸೋಮವಾರದಿಂದ ಶುಕ್ರವಾರದವರೆಗೆ ಇಡೀ ತರಗತಿ ಊರಲ್ಲೇ ಇರಲಿಲ್ಲ. ಅಪ್ಪ ಅಮ್ಮ ಇಲ್ಲದೆ ತಾವೇ ನಡೆದು ಬರುವುದು ಜಾಸ್ತಿ ಆ ತರಗತಿಯವರೇ.

ಇಷ್ಟನ್ನೇ ಹೇಳಿದರೆ ಸಾಕಾಗಲ್ಲ ಅನ್ನಿಸಿತು. ಅವರ ಹತ್ತಿರ ಸಂಖ್ಯೆ ಇದೆ, ನಮ್ಮ ಹತ್ತಿರವೂ ಸಂಖ್ಯೆ ಇರಬೇಕು. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಐದು ಜನ ಬಂದರು. ಮೂರು ಬೆಳಿಗ್ಗೆ, ಎಂಟೂ ಇಪ್ಪತ್ತರಿಂದ ಎಂಟೂ ಐವತ್ತು. ಇಬ್ಬರು ಗಾಡಿ ಎಣಿಸುವುದು, ರಸ್ತೆಯ ಒಂದೊಂದು ದಿಕ್ಕಿಗೆ ಒಬ್ಬರು. ಇಬ್ಬರು ಮಕ್ಕಳನ್ನು ಎಣಿಸುವುದು, ಒಬ್ಬರ ಲೆಕ್ಕ ಇನ್ನೊಬ್ಬರ ಲೆಕ್ಕಕ್ಕೆ ತಾಳೆ ಆಗಬೇಕು. ಉಳಿದವರು ಗಡಿಯಾರ ನೋಡುವುದು, ಯಾರಾದರೂ ಮಧ್ಯೆ ಬಂದು ಮಾತಾಡಿಸಿದರೆ ಅವರನ್ನು ಆಚೆ ಕರೆದುಕೊಂಡು ಹೋಗುವುದು.

ಆ ಚಳಿ ಹೇಗಿತ್ತು ಅಂದರೆ ಪೆನ್ನಿನಲ್ಲಿ ಶಾಯಿ ಇಳಿಯುತ್ತಿರಲಿಲ್ಲ. ಆಗ ನನಗೆ ಅಪ್ಪನ ನೆನಪಾಯಿತು. ಕರ್ನಾಟಕದಲ್ಲಿ 2001ರಲ್ಲಿ ಎಸ್‌ಡಿಎಂಸಿ ಬಂತಲ್ಲ, ಅದಾದ ಕೆಲವು ವರ್ಷಕ್ಕೆ ಅಪ್ಪ ನಮ್ಮೂರ ಶಾಲೆಯ ಸಮಿತಿಯಲ್ಲಿದ್ದರು. ಬಿಸಿಯೂಟದ ಹೊತ್ತಿಗೆ ಹೋಗಿ ಬಾಗಿಲ ಹತ್ತಿರ ನಿಲ್ಲುತ್ತಿದ್ದರು. ಬಲಜೇಬಿನ ತುಂಬ ಹುಣಸೆಬೀಜ. ಒಂದು ಮಗು ತಟ್ಟೆ ಹಿಡಿದು ಒಳಗೆ ಹೋದರೆ ಒಂದು ಬೀಜ ಎಡಜೇಬಿಗೆ. ಯಾರ ಜೊತೆ ಮಾತಾಡುತ್ತಿದ್ದರೂ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಆಮೇಲೆ ಕಟ್ಟೆ ಮೇಲೆ ಬೀಜ ಸುರಿದು ಎಣಿಸಿ, ಹಾಜರಿ ಪುಸ್ತಕದ ಜೊತೆ ಹೋಲಿಸುತ್ತಿದ್ದರು. ನಮ್ಮ ಅಡುಗೆಮನೆಯಲ್ಲಿ ಹುಣಸೆಬೀಜ ಇರಲಿಲ್ಲ, ಒಣ ಅವರೆಕಾಳು ಇತ್ತು. ಎರಡನೇ ದಿನದಿಂದ ನಾನು ಅದನ್ನೇ ಬಲಜೇಬಿಗೆ ಹಾಕಿಕೊಂಡು ಹೋದೆ. ಒಂದು ಮಗು ಆ ಬದಿಯ ಕಲ್ಲು ಮುಟ್ಟಿದರೆ ಒಂದು ಕಾಳು ಎಡಕ್ಕೆ. ಗ್ಲೌಸ್ ತೆಗೆದಿದ್ದರಿಂದ ಬೆರಳು ಮರಗಟ್ಟಿತ್ತು, ಆದರೆ ಲೆಕ್ಕ ತಪ್ಪಲಿಲ್ಲ. ಜೊತೆಯವಳ ಲೆಕ್ಕಕ್ಕೂ ನನ್ನದಕ್ಕೂ ಒಂದು ಮಗುವೂ ಹೆಚ್ಚು ಕಡಿಮೆ ಬರಲಿಲ್ಲ.

ಮೊದಲ ದಿನ 58 ಮಕ್ಕಳು, 297 ಗಾಡಿ: 51,16,122. ಎರಡನೇ ದಿನ 61 ಮಕ್ಕಳು, 288 ಗಾಡಿ: 50,59,584. ಮೂರನೇ ದಿನ ಮಳೆ. ಮಳೆ ಅಂತ ಕೆಲವರು ಮಕ್ಕಳನ್ನು ಕಾರಿನಲ್ಲಿ ಕರೆತಂದರು, ಹಾಗಾಗಿ ನಡೆದು ದಾಟಿದವರು 52 ಮಾತ್ರ. ಆದರೆ ಗಾಡಿ 318ಕ್ಕೆ ಏರಿತು: 52,58,448. ಮೂರೂ ದಿನ ಐವತ್ತು ಲಕ್ಷದ ಮೇಲೆ. ಮಳೆಯಲ್ಲಿ ಮಕ್ಕಳು ಕಡಿಮೆ ದಾಟಿದರೂ ಅಪಾಯ ಜಾಸ್ತಿ ಅಂತ ಆ ಸೂತ್ರವೇ ಹೇಳುತ್ತಿತ್ತು. ರಸ್ತೆ ಪಕ್ಕ ನಿಂತು ನೋಡಿದವರಿಗೂ ಅದು ಕಾಣುತ್ತಿತ್ತು. ಮಂಜು ಹಿಡಿದ ಗಾಜು, ವೈಪರ್, ಛತ್ರಿ ಅಡ್ಡ ಹಿಡಿದು ಓಡುವ ಮಕ್ಕಳು.

ಸ್ಕ್ರೂಟಿನಿ ಕಮಿಟಿ ಬಗ್ಗೆ ನನಗೂ ಮೊದಲು ಸರಿಯಾಗಿ ಗೊತ್ತಿರಲಿಲ್ಲ. 2000ದ ಕಾಯ್ದೆಯಿಂದ ಬಂದ ವ್ಯವಸ್ಥೆ ಇದು. ಕೌನ್ಸಿಲ್‌ನ ತೀರ್ಮಾನಗಳನ್ನು ಮಾಡುವುದು ಕ್ಯಾಬಿನೆಟ್, ಅಂದರೆ ಒಂದು ಕೈಯಲ್ಲಿ ಎಣಿಸುವಷ್ಟು ಅಥವಾ ಸ್ವಲ್ಪ ಜಾಸ್ತಿ ಜನ. ಉಳಿದ ಕೌನ್ಸಿಲರ್‌ಗಳು ಅವರನ್ನು ಕೂರಿಸಿಕೊಂಡು ಪ್ರಶ್ನೆ ಕೇಳುವ ಜಾಗ ಸ್ಕ್ರೂಟಿನಿ. ಕ್ಯಾಬಿನೆಟ್‌ನಲ್ಲಿರುವವರು ಈ ಕಮಿಟಿಯಲ್ಲಿ ಇರುವಂತಿಲ್ಲ. ಕಮಿಟಿ ಯಾವುದನ್ನೂ ತಡೆಯಲಾರದು, ಶಿಫಾರಸು ಮಾಡಬಹುದು, ಕ್ಯಾಬಿನೆಟ್ ಅದಕ್ಕೆ ಉತ್ತರ ಕೊಡಬೇಕು. ನನಗೆ ತುಂಬಾ ಖುಷಿಯಾದ ವಿಷಯ ಇನ್ನೊಂದು. ಶಿಕ್ಷಣದ ವಿಷಯ ನೋಡುವ ಕಮಿಟಿಯಲ್ಲಿ ಪೋಷಕ ಗವರ್ನರ್‌ಗಳ ಪ್ರತಿನಿಧಿಗಳೂ ಇರಬೇಕು, ಕನಿಷ್ಠ ಇಬ್ಬರು, ಶಿಕ್ಷಣದ ವಿಷಯದಲ್ಲಿ ಅವರಿಗೆ ಓಟೂ ಇದೆ. ಕೌನ್ಸಿಲ್ ಚುನಾವಣೆಗೆ ನಿಲ್ಲದ ಒಬ್ಬ ಅಪ್ಪ, ಒಬ್ಬ ಅಮ್ಮ ಕೌನ್ಸಿಲರ್‌ಗಳ ಪಕ್ಕ ಕೂತು ಕೈ ಎತ್ತಬಹುದು. ಇಂಥದ್ದು ನಮ್ಮ ತಾಲೂಕು ಕೆಡಿಪಿ ಸಭೆಗೂ ಬರಬೇಕು ಅಂತ ನನ್ನ ಆಸೆ.

ಸಭೆಗೆ ಐದು ಪೂರ್ತಿ ಕೆಲಸದ ದಿನ ಮೊದಲು ಕಾಗದಪತ್ರ ಎಲ್ಲರಿಗೂ ಸಿಗುವ ಹಾಗೆ ಹಾಕಲೇಬೇಕು, ಅದು ಕಾನೂನು. ಹಾಕಿದ ಸಂಜೆಯೇ ಓದಿದೆ. ಮಾತಾಡಬೇಕಾದವರು ಎರಡು ದಿನ ಮೊದಲು ಮಧ್ಯಾಹ್ನ ಹನ್ನೆರಡರೊಳಗೆ ಹೆಸರು ಕೊಡಬೇಕು, ಏನು ಹೇಳುತ್ತೀರಿ ಅಂತ ಬರೆದು ಕಳಿಸಬೇಕು. ಮೂರು ನಿಮಿಷ. ಈ ನಿಯಮ ಕೌನ್ಸಿಲ್‌ನಿಂದ ಕೌನ್ಸಿಲ್‌ಗೆ ಬೇರೆ ಬೇರೆ, ನಿಮ್ಮದನ್ನು ನೀವು ನೋಡಿಕೊಳ್ಳಿ. ಅಲ್ಲಿಯ ಗುಮಾಸ್ತೆ ಫೋನಿನಲ್ಲಿ ತುಂಬಾ ತಾಳ್ಮೆಯಿಂದ ಎಲ್ಲ ಹೇಳಿಕೊಟ್ಟರು. ಎಲ್ಲಿ ಗಾಡಿ ನಿಲ್ಲಿಸಬೇಕು ಅನ್ನುವುದೂ ಸೇರಿ.

ಮೂರು ನಿಮಿಷದ ಮಾತನ್ನು ನಾನು ಮೊದಲು ಕನ್ನಡದಲ್ಲೇ ಬರೆದೆ. ಹದಿಮೂರು ವರ್ಷ ಇಲ್ಲಿದ್ದರೂ ಸಿಟ್ಟು ಬರುವುದು, ಅದು ಇಳಿಯುವುದು ಎರಡೂ ಕನ್ನಡದಲ್ಲೇ. ಮೊದಲ ಪ್ರತಿ ಪೂರ್ತಿ ಬೈಗುಳ. ಅದನ್ನು ಒಂದು ರಾತ್ರಿ ಹಾಗೇ ಬಿಟ್ಟೆ. ಬೆಳಿಗ್ಗೆ ಎದ್ದು ಬೈಗುಳ ತೆಗೆದೆ, ಗ್ಲೌಸ್ ಬಿಚ್ಚುವ ಕೈ ಉಳಿಸಿಕೊಂಡೆ, ಮೂರು ದಿನದ ಲೆಕ್ಕ ಉಳಿಸಿಕೊಂಡೆ, ಕ್ಯಾಂಪಿನ ತಾರೀಕು ಉಳಿಸಿಕೊಂಡೆ. ಆಮೇಲೆ ಇಂಗ್ಲಿಷಿಗೆ ತಂದೆ. ಓದಿದರೆ ಎರಡು ನಿಮಿಷ ನಲವತ್ತು ಸೆಕೆಂಡ್.

ಸಭೆ ಗುರುವಾರ ಸಂಜೆ ಆರಕ್ಕೆ. ಹಳೆಯ ಕಟ್ಟಡ, ಮರದ ಗೋಡೆ, ಎತ್ತರದ ಕಿಟಕಿ. ಕೌನ್ಸಿಲರ್‌ಗಳು ಕುದುರೆ ಲಾಳದ ಆಕಾರದಲ್ಲಿ ಕೂತಿದ್ದರು. ಸಾರ್ವಜನಿಕರಿಗೆ ಹಿಂದೆ ಮೂರು ಸಾಲು ಕುರ್ಚಿ. ನಮ್ಮ ಶಾಲೆಯಿಂದ ಒಂಬತ್ತು ಜನ ಬಂದಿದ್ದರು. ಲಾಲಿಪಾಪ್ ಲೇಡಿ ಬಂದಿರಲಿಲ್ಲ, ಕೌನ್ಸಿಲ್ ನೌಕರಳಾಗಿ ಬರುವುದು ಅವರಿಗೆ ಕಷ್ಟ. ನಾನೂ ಕರೆಯಲಿಲ್ಲ.

ನನಗಿಂತ ಮೊದಲು ಒಬ್ಬ ತಾಯಿಯ ಸರದಿ. ಅವರ ಮಗನಿಗೆ ಹದಿನೇಳು. ಆಟಿಸಂ ಇದೆ, ಮಾತು ಇಲ್ಲ. ಅವನು ಹೋಗುವ ವಿಶೇಷ ಶಾಲೆ ಹನ್ನೊಂದು ಮೈಲಿ ದೂರ. ಈಗ ಕೌನ್ಸಿಲ್‌ನ ಮಿನಿಬಸ್ಸು ಮನೆ ಬಾಗಿಲಿಗೆ ಬರುತ್ತದೆ, ಅದೇ ಡ್ರೈವರ್, ಅದೇ ಜೊತೆಯಾಕೆ, ಅದೇ ಸೀಟು. ಇದನ್ನು ನಿಲ್ಲಿಸಿ ವರ್ಷಕ್ಕೊಂದು ಮೊತ್ತ ಕೊಡುತ್ತೇವೆ, ನೀವೇ ನೋಡಿಕೊಳ್ಳಿ ಅನ್ನುವುದು ಕೌನ್ಸಿಲ್‌ನ ಪ್ರಸ್ತಾಪ. ಇಲ್ಲಿನ ಕಾನೂನಿನಲ್ಲಿ ಒಂದು ದೊಡ್ಡ ಬಿರುಕು ಇದೆ. 2015ರಿಂದ ಹದಿನೆಂಟು ತುಂಬುವವರೆಗೆ ಎಲ್ಲರೂ ಓದಿನಲ್ಲೋ ತರಬೇತಿಯಲ್ಲೋ ಇರಲೇಬೇಕು. ಆದರೆ ಉಚಿತವಾಗಿ ಶಾಲೆಗೆ ಕರೆದೊಯ್ಯುವ ಕಡ್ಡಾಯ ಹದಿನಾರಕ್ಕೇ ಮುಗಿದುಹೋಗುತ್ತದೆ. ಆ ತಾಯಿ ಕಾಗದ ನೋಡಲೇ ಇಲ್ಲ. "ನನ್ನ ಮಗನನ್ನು ಊರಿನ ಬಸ್ಸಿಗೆ ಹತ್ತಿಸಿದರೆ ಮುಂದಿನ ನಿಲ್ದಾಣದಲ್ಲಿ ಬಾಗಿಲು ತೆರೆದಾಗ ಅವನು ಇಳಿದುಬಿಡುತ್ತಾನೆ, ಯಾಕೆಂದರೆ ಬಾಗಿಲು ತೆರೆಯಿತು ಅಂದರೆ ಇಳಿಯಬೇಕು ಅಂತ ನಾವೇ ಅವನಿಗೆ ಹತ್ತು ವರ್ಷ ಕಲಿಸಿದ್ದೇವೆ" ಅಂದರು. ಗೋಡೆಯ ಮೇಲಿನ ಗಡಿಯಾರ ಕೆಂಪಾಯಿತು, ಮೂರು ನಿಮಿಷ ಮುಗಿದಿತ್ತು. ಅಧ್ಯಕ್ಷೆ ಏನೂ ಹೇಳದೆ ಅದನ್ನು ಆರಿಸಿದರು. ಅವರು ಇನ್ನೂ ಎರಡು ನಿಮಿಷ ಮಾತಾಡಿದರು.

ಅದಾದಮೇಲೆ ನಾನು. ಕಾಲು ನಡುಗುತ್ತಿತ್ತು, ಧ್ವನಿ ನಡುಗಲಿಲ್ಲ. ಲೆಕ್ಕ ಹೇಳಿದೆ, ಕ್ಯಾಂಪಿನ ತಾರೀಕು ಹೇಳಿದೆ, ಒಂದೇ ಪ್ರಶ್ನೆ ಕೇಳಿದೆ. "ನೀವು ಎಣಿಸಿದ ದಿನ ಶಾಲೆಯಲ್ಲಿ ಎಲ್ಲ ಮಕ್ಕಳೂ ಇದ್ದಾರಾ ಅಂತ ಯಾವ ಹೆಡ್ ಟೀಚರನ್ನಾದರೂ ಕೇಳಿದ್ದಿರಾ?"

ನಾವು ಮಾತಾಡಿ ಕೂತಮೇಲೆ ಮತ್ತೆ ಬಾಯಿ ತೆರೆಯುವಂತಿಲ್ಲ. ನಿಜವಾದ ಕೆಲಸ ಶುರುವಾಗುವುದು ಆಗಲೇ. ನಮ್ಮ ಪ್ರಶ್ನೆಯನ್ನು ಒಳಗಿರುವವರು ಯಾರಾದರೂ ಕೈಗೆತ್ತಿಕೊಳ್ಳಬೇಕು. ಪೋಷಕ ಪ್ರತಿನಿಧಿಗಳಲ್ಲಿ ಒಬ್ಬರು ಎತ್ತಿಕೊಂಡರು. ಇಡೀ ಸಂಜೆ ಅದುವರೆಗೆ ಒಂದು ಮಾತೂ ಆಡದ ಮನುಷ್ಯ. ಅಧಿಕಾರಿಯ ಕಡೆ ತಿರುಗಿ ನನ್ನ ಪ್ರಶ್ನೆಯನ್ನೇ ಮತ್ತೆ ಕೇಳಿದರು. ಅಧಿಕಾರಿ ಎಣಿಕೆಯ ವಿಧಾನದ ಬಗ್ಗೆ ಒಂದೆರಡು ನಿಮಿಷ ಹೇಳಿದರು. ಈತ ಪೂರ್ತಿ ಕೇಳಿಸಿಕೊಂಡು ಮತ್ತೆ ಅದೇ ಪ್ರಶ್ನೆ ಕೇಳಿದರು, ಅದೇ ಮಾತಿನಲ್ಲಿ, ಅದೇ ಧ್ವನಿಯಲ್ಲಿ. ಮೂರನೇ ಸಲ ಉತ್ತರ ಬಂತು. ಇಲ್ಲ, ಕೇಳಿರಲಿಲ್ಲ.

ಕೋಣೆ ಸುಮ್ಮನಾಯಿತು. ವಿರೋಧ ಪಕ್ಷದ ಒಬ್ಬ ಕೌನ್ಸಿಲರ್ "ಮತ್ತೆ ಎಣಿಸಲು ಎಷ್ಟು ಖರ್ಚು" ಅಂದರು. ಒಂದು ಜಾಗಕ್ಕೆ ಒಬ್ಬರ ಒಂದು ಬೆಳಗಿನ ಕೆಲಸ ಅಂತ ಉತ್ತರ. ಆಡಳಿತ ಪಕ್ಷದವರೇ ಇನ್ನೊಬ್ಬರು, 14ರಲ್ಲಿ ಎಷ್ಟು ಜಾಗ ನಲವತ್ತು ಲಕ್ಷಕ್ಕೆ ಹತ್ತಿರ ಇವೆ ಅಂತ ಕೇಳಿದರು. ಅಧಿಕಾರಿ ಹಾಳೆ ತಿರುವಿ, ಐದು ಅಂದರು. ಶಿಕ್ಷಣ ನೋಡಿಕೊಳ್ಳುವ ಕ್ಯಾಬಿನೆಟ್ ಸದಸ್ಯರು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಅವರ ಸರದಿ ಬಂದಾಗ, ಈ ದುಡ್ಡು ಇಲ್ಲಿ ಉಳಿಯದಿದ್ದರೆ ಬೇರೆ ಎಲ್ಲಿಂದ ತರಲಿ ಹೇಳಿ ಅಂದರು, ಅದು ನಟನೆ ಅಂತ ನನಗೆ ಅನ್ನಿಸಲಿಲ್ಲ.

ಸಮಾನತೆಯ ಕಾಯ್ದೆ 2010ರ ಪ್ರಕಾರ ಇಂಥ ತೀರ್ಮಾನ ಅಂಗವಿಕಲರ ಮೇಲೆ ಏನು ಪರಿಣಾಮ ಮಾಡುತ್ತದೆ ಅಂತ ಮೊದಲೇ ಯೋಚಿಸಬೇಕು. ಬಸ್ಸಿನ ಪ್ರಸ್ತಾಪಕ್ಕೆ ಬರೆದಿದ್ದ ಆ ಪರಿಣಾಮದ ವರದಿ ಒಂದೂವರೆ ಪುಟ ಇತ್ತು. ಒಬ್ಬ ಕೌನ್ಸಿಲರ್ ಅದನ್ನು ಎತ್ತಿ ಹಿಡಿದು, ಈಗ ಮಾತಾಡಿದ ತಾಯಿ ಹೇಳಿದ್ದರಲ್ಲಿ ಒಂದು ವಾಕ್ಯವಾದರೂ ಇದರಲ್ಲಿ ಇದೆಯಾ ಅಂತ ಕೇಳಿದರು. ಇರಲಿಲ್ಲ.

ಒಂಬತ್ತೂಕಾಲಿಗೆ ಶಿಫಾರಸು ಬರೆದರು. ಐದು ಜಾಗಗಳಲ್ಲಿ ಶಾಲೆಯವರಿಗೆ ಮೊದಲೇ ಕೇಳಿ ಹೊಸದಾಗಿ ಎಣಿಸಬೇಕು, ಅಲ್ಲಿಯವರೆಗೆ ಯಾರನ್ನೂ ತೆಗೆಯಬಾರದು. ಬಸ್ಸಿನ ಪ್ರಸ್ತಾಪವನ್ನು ಒಂದು ವರ್ಷ ಮುಂದಕ್ಕೆ ಹಾಕಬೇಕು. ಕೈ ಎತ್ತಿದರು, ಪೋಷಕ ಪ್ರತಿನಿಧಿಗಳೂ ಎತ್ತಿದರು. ಹೊರಗೆ ಬಂದಾಗ ಕಾರಿನ ಗಾಜಿನ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಆ ತಾಯಿ ಮತ್ತು ನಾನು ಪಕ್ಕಪಕ್ಕದ ಕಾರುಗಳ ಗಾಜು ಕೆರೆಯುತ್ತಾ ನಿಂತು ಮಾತಾಡಿದೆವು. ಫೋನ್ ನಂಬರ್ ಕೊಟ್ಟುಕೊಂಡೆವು.

ಫೆಬ್ರವರಿಯಲ್ಲಿ ಕ್ಯಾಬಿನೆಟ್ ಕೂತಿತು. ಕ್ರಾಸಿಂಗ್ ಬಗ್ಗೆ ಶಿಫಾರಸು ಒಪ್ಪಿದರು. ಬಸ್ಸಿನ ಬಗ್ಗೆ ಒಪ್ಪಲಿಲ್ಲ. ತೀರಾ ಕಷ್ಟದಲ್ಲಿರುವವರಿಗೆ ಅಂತ ಒಂದು ಸಣ್ಣ ನಿಧಿ ಇಡುತ್ತೇವೆ, ಅರ್ಜಿ ಹಾಕಬಹುದು ಅಂದರು. ಉಳಿದ ಒಂಬತ್ತು ಕ್ರಾಸಿಂಗ್‌ಗಳ ಕಥೆಯೂ ಮುಗಿಯಿತು. ಅವುಗಳಲ್ಲಿ ಒಂದು ಶಾಲೆಯ ಪೋಷಕರಿಗೆ ಈ ವಿಷಯ ಗೊತ್ತಾಗಿದ್ದೇ ಆವತ್ತು. ಅವರಲ್ಲಿ ಒಬ್ಬರು ನನಗೆ ಬರೆದರು, ನೀವು ಮೊದಲೇ ನಮಗೆ ಯಾಕೆ ಹೇಳಲಿಲ್ಲ ಅಂತ. ಅದು ನನ್ನ ಮನಸ್ಸಲ್ಲಿ ಉಳಿದಿದೆ. 14 ಹೆಸರೂ ನನ್ನ ಕೈಯಲ್ಲಿತ್ತು. 14 ಶಾಲೆಗೂ ಒಂದೊಂದು ಇಮೇಲ್ ಹಾಕಲು ಅರ್ಧ ಗಂಟೆ ಸಾಕಿತ್ತು. ನಮ್ಮ ಗೇಟಿನ ಲೆಕ್ಕದಲ್ಲೇ ಮುಳುಗಿದ್ದೆ. ನೀವು ಯಾರಾದರೂ ಇಂಥದ್ದಕ್ಕೆ ಇಳಿದರೆ ಈ ಕೆಲಸವನ್ನು ಮೊದಲ ದಿನವೇ ಮಾಡಿ.

ಪೂರ್ತಿ ಕೌನ್ಸಿಲ್ ಸಭೆಗೂ ಹೋದೆ. ಅಲ್ಲಿ ನಮಗೆ ಮಾತಿಲ್ಲ, ಕೂತು ನೋಡುವುದಷ್ಟೇ. 2014ರಿಂದ ಬಜೆಟ್ ಓಟನ್ನು ಒಬ್ಬೊಬ್ಬರ ಹೆಸರಿನಲ್ಲೇ ದಾಖಲಿಸಬೇಕು ಅಂತ ನಿಯಮ. ಹಾಗಾಗಿ ಗುಂಪಿನಲ್ಲಿ ಕೈ ಎತ್ತಿ ಮುಗಿಸುವಂತಿಲ್ಲ. ಅಧಿಕಾರಿ ಒಂದೊಂದೇ ಹೆಸರು ಕರೆದರು. ಪರ, ವಿರೋಧ, ತಟಸ್ಥ. ಸ್ಕ್ರೂಟಿನಿಯಲ್ಲಿ ಬಸ್ಸಿನ ವರದಿ ಎತ್ತಿ ಹಿಡಿದು ಕೇಳಿದ ಆ ಕೌನ್ಸಿಲರ್ ಹೆಸರು ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು 'ಪರ' ಅಂದರು. ಅವರ ಪಕ್ಷದ್ದೇ ಬಜೆಟ್. ನನ್ನ ಪಕ್ಕ ಕೂತಿದ್ದ ಹುಡುಗನ ತಾಯಿ ಆ ಹೆಸರನ್ನು ಒಂದು ಚೀಟಿಯ ಮೇಲೆ ಬರೆದುಕೊಂಡರು, ಮುಂದೆ 'ಪರ' ಅಂತ ಬರೆದು ಚೀಟಿ ಮಡಚಿ ಪರ್ಸಿಗೆ ಹಾಕಿಕೊಂಡರು.

ಮಾರ್ಚ್ ಎರಡನೇ ವಾರ ನಮ್ಮ ಗೇಟಿನಲ್ಲಿ ಮತ್ತೆ ಎಣಿಸಿದರು. ಈ ಸಲ ಹೆಡ್ ಟೀಚರಿಗೆ ಮೊದಲೇ ಫೋನ್ ಬಂದಿತ್ತು. ಎಲ್ಲ ತರಗತಿಯವರೂ ಇದ್ದರು. ಅವರ ಲೆಕ್ಕದಲ್ಲೂ ನಲವತ್ತು ಲಕ್ಷ ದಾಟಿತು. ನಮ್ಮ ಕ್ರಾಸಿಂಗ್ ಉಳಿಯಿತು. ಲಾಲಿಪಾಪ್ ಲೇಡಿಗೆ ಪತ್ರ ಬಂದ ದಿನ ಅವರು ಏನೂ ಹೇಳಲಿಲ್ಲ, ರಸ್ತೆ ಮಧ್ಯೆ ಕೋಲು ಹಿಡಿದು ನಿಂತಿದ್ದಾಗ ನನ್ನ ಕಡೆ ನೋಡಿ ಟೋಪಿ ಮುಟ್ಟಿಕೊಂಡರು. ಕೋಟಿನ ಎಡಜೇಬಿನಲ್ಲಿ ಇನ್ನೂ ಕೆಲವು ಅವರೆಕಾಳು ಇವೆ. ಬಿಸಾಡಲು ಮನಸ್ಸು ಬಂದಿಲ್ಲ.

ಈಗ ಏಪ್ರಿಲ್. ಹದಿನಾರು ದಾಟಿದವರ ಸಾರಿಗೆ ನೀತಿಯನ್ನು ಪ್ರತಿ ಕೌನ್ಸಿಲ್ಲೂ ಮೇ 31ರೊಳಗೆ ಪ್ರಕಟಿಸಬೇಕು. ಆ ಸಣ್ಣ ನಿಧಿಯಿಂದ ಯಾರಿಗೆ ಎಷ್ಟು ಸಿಗುತ್ತದೆ, ಸಿಗದಿದ್ದರೆ ಮೇಲ್ಮನವಿ ಎಲ್ಲಿಗೆ ಅನ್ನುವುದೆಲ್ಲ ಅದರಲ್ಲಿ ಇರಬೇಕು. ಹುಡುಗನ ತಾಯಿ ಮೊನ್ನೆ ಭಾನುವಾರ ಮಗನನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು. ಅವನು ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡ. ಕರಡು ಮೇಜಿನ ಮೇಲೆ ಹರಡಿಕೊಂಡು ಓದಲು ಕೂತೆವು, ಕೊನೆಯ ಅನುಬಂಧದಿಂದ ಶುರು ಮಾಡಿ.